48 ವೋಲ್ಟ್ ಪ್ಯಾಕ್‌ಗೆ ಯಾವ ಚಾರ್ಜರ್? ಸ್ಟಿಕ್ಕರ್ ಬಿಟ್ಟು ಮೀಟರ್ ಹಿಡಿಯಿರಿ

ಎಲೆಕ್ಟ್ರಿಕ್ ಗಾಡಿಯ ಲಿಥಿಯಂ ಬ್ಯಾಟರಿ ಪ್ಯಾಕ್ ಸರಿಯಾಗಿ ಚಾರ್ಜ್ ಆಗದಿದ್ದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಅದರೊಳಗಿನ ಸೆಲ್‌ಗಳ ಮೇಲೆ. "ಸೆಲ್ ಹೋಗಿದೆ, ಹೊಸ ಪ್ಯಾಕ್ ಹಾಕಿಸಿ" ಅಂತ ಅಂಗಡಿಯವರೂ ಹೇಳಿಬಿಡುತ್ತಾರೆ. ಸ್ಕೂಟರ್ ಪ್ಯಾಕ್ ಅಂದರೆ ಸಣ್ಣ ಖರ್ಚಲ್ಲ. ಅದನ್ನು ಬಿಚ್ಚುವ ಮೊದಲು, ಬದಲಿಸುವ ಮೊದಲು, ಸ್ವಲ್ಪ ಹೊತ್ತು ಕೂತು ಚಾರ್ಜರ್ ಕಡೆ ನೋಡಿ. ಚಾರ್ಜರ್ ಕೆಟ್ಟಿದೆಯಾ ಅನ್ನುವುದು ಆಮೇಲಿನ ಮಾತು. ಅದು ಈ ಪ್ಯಾಕ್‌ಗೆ ಹೊಂದುವ ಚಾರ್ಜರೇ ಹೌದಾ ಅನ್ನುವುದು ಮೊದಲ ಪ್ರಶ್ನೆ.

ಬೆಂಗಳೂರಿನಲ್ಲಿ ಚಾರ್ಜರ್ ಅದಲುಬದಲಾಗುವುದು ಬಹಳ ಸುಲಭ. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಜೊತೆ ಯಾವುದೋ ಚಾರ್ಜರ್ ಬಂದಿರುತ್ತದೆ. ಪಿಜಿಗಳಲ್ಲಿ ನಾಲ್ಕಾರು ಡೆಲಿವರಿ ಹುಡುಗರ ಚಾರ್ಜರ್‌ಗಳು ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲಿ ಇರುತ್ತವೆ, ಎಲ್ಲವೂ ನೋಡಲು ಒಂದೇ ಥರ. ಎಸ್.ಪಿ. ರೋಡ್‌ಗೆ ಹೋಗಿ "48 ವೋಲ್ಟ್ ಚಾರ್ಜರ್ ಕೊಡಿ" ಅಂದರೆ ಒಂದನ್ನು ತೆಗೆದುಕೊಡುತ್ತಾರೆ, ಪಿನ್ ಕೂತರೆ ಸಾಕು ಅಂತ ನಾವೂ ತರುತ್ತೇವೆ. ಆದರೆ ಪಿನ್ ಕೂರುವುದಕ್ಕೂ ವೋಲ್ಟೇಜ್ ಹೊಂದುವುದಕ್ಕೂ ಸಂಬಂಧವೇ ಇಲ್ಲ. ಎಕ್ಸ್‌ಟಿ60 ಕನೆಕ್ಟರ್ 36 ವೋಲ್ಟ್ ಸೈಕಲ್‌ನಲ್ಲೂ ಇರುತ್ತದೆ, 60 ವೋಲ್ಟ್ ಗಾಡಿಯಲ್ಲೂ ಇರುತ್ತದೆ.

48 ಅನ್ನುವುದು ಬರೀ ಹೆಸರು

ಸ್ಟಿಕ್ಕರ್ ಮೇಲಿನ 48 ಚಾರ್ಜಿಂಗ್ ವೋಲ್ಟೇಜ್ ಅಲ್ಲ. ಪ್ಯಾಕ್ ಬಳಕೆಯಲ್ಲಿದ್ದಾಗ ಹೆಚ್ಚು ಹೊತ್ತು ಸರಿಸುಮಾರು ಎಲ್ಲಿ ನಿಲ್ಲುತ್ತದೋ ಆ ಅಂಕಿ ಅದು, ಅದನ್ನೂ ಕಂಪನಿಗಳು ತಮಗೆ ಬೇಕಾದ ಹಾಗೆ ಆಚೀಚೆ ಮಾಡಿ ಬರೆಯುತ್ತವೆ. ಚಾರ್ಜರ್ ಆರಿಸಲು ಬೇಕಾದ್ದು ಪ್ಯಾಕ್ ಪೂರ್ತಿ ತುಂಬಿದಾಗಿನ ವೋಲ್ಟೇಜ್. ಅದಕ್ಕೆ ಎರಡೇ ವಿಷಯ ಗೊತ್ತಿರಬೇಕು. ಸೆಲ್ ಯಾವ ಜಾತಿಯದು? ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರುವಂತೆ ಸಾಲಾಗಿ, ಎಷ್ಟಿವೆ?

ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಜಾತಿ. ಒಂದು ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಸೆಲ್. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, ನಡುವೆ 3.6 ರಿಂದ 3.7. ಇನ್ನೊಂದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇದು ತುಂಬಿದಾಗ 3.65, ನಡುವೆ 3.2. ಸೀರೀಸ್ ಸಂಖ್ಯೆಯಿಂದ ಗುಣಿಸಿದರೆ ಚಾರ್ಜರ್ ವೋಲ್ಟೇಜ್ ಬಂತು. ಲೆಕ್ಕ ಇಷ್ಟೇ.

10 ಸೀರೀಸ್ ಎನ್‌ಎಂಸಿ, ಸ್ಟಿಕ್ಕರ್ 36 ವೋಲ್ಟ್: ಚಾರ್ಜರ್ 42.0
13 ಸೀರೀಸ್ ಎನ್‌ಎಂಸಿ, ಸ್ಟಿಕ್ಕರ್ 48 ವೋಲ್ಟ್: 54.6
14 ಸೀರೀಸ್ ಎನ್‌ಎಂಸಿ, ಸ್ಟಿಕ್ಕರ್ 48 ಅಥವಾ 52: 58.8
15 ಸೀರೀಸ್ ಎಲ್‌ಎಫ್‌ಪಿ, ಸ್ಟಿಕ್ಕರ್ 48: 54.75
16 ಸೀರೀಸ್ ಎಲ್‌ಎಫ್‌ಪಿ, ಸ್ಟಿಕ್ಕರ್ 48 ಅಥವಾ 51.2: 58.4
16 ಸೀರೀಸ್ ಎನ್‌ಎಂಸಿ, ಸ್ಟಿಕ್ಕರ್ 60: 67.2
17 ಸೀರೀಸ್ ಎನ್‌ಎಂಸಿ, ಸ್ಟಿಕ್ಕರ್ 60: 71.4
20 ಸೀರೀಸ್ ಎಲ್‌ಎಫ್‌ಪಿ, ಸ್ಟಿಕ್ಕರ್ 60 ಅಥವಾ 64: 73.0
20 ಸೀರೀಸ್ ಎನ್‌ಎಂಸಿ, ಸ್ಟಿಕ್ಕರ್ 72: 84.0

48ರ ನಾಲ್ಕು ಸಾಲುಗಳನ್ನು ಇನ್ನೊಮ್ಮೆ ನೋಡಿ. ಒಂದೇ ಸ್ಟಿಕ್ಕರ್, ನಾಲ್ಕು ಬೇರೆ ಬೇರೆ ಚಾರ್ಜರ್. ಎರಡು 54ರ ಹತ್ತಿರ, ಎರಡು 58ರ ಹತ್ತಿರ. ಒಂದೇ ಗುಂಪಿನ ಒಳಗೆ ಅದಲುಬದಲಾದರೆ ತಕ್ಷಣಕ್ಕೆ ದೊಡ್ಡ ಅನಾಹುತವಿಲ್ಲ. 58.4ರ ಚಾರ್ಜರ್‌ನಿಂದ 14 ಸೀರೀಸ್ ಎನ್‌ಎಂಸಿ ಚಾರ್ಜ್ ಮಾಡಿದರೆ ಸೆಲ್‌ಗೆ 4.17 ಸಿಗುತ್ತದೆ, ಪ್ಯಾಕ್‌ಗೆ ಅದು ಒಳ್ಳೆಯದೇ. ಉಲ್ಟಾ ಮಾಡಿ 58.8 ಅನ್ನು 16 ಸೀರೀಸ್ ಎಲ್‌ಎಫ್‌ಪಿಗೆ ಕೊಟ್ಟರೆ ಸೆಲ್‌ಗೆ 3.675 ಆಗುತ್ತದೆ. ಮಿತಿ ದಾಟಿತು, ದಿನಾ ಹಾಗೆ ಮಾಡಬಾರದು. ನಿಜವಾದ ಅಪಾಯ ಇರುವುದು ಗುಂಪು ದಾಟಿದಾಗ. 13 ಸೀರೀಸ್ ಎನ್‌ಎಂಸಿಗೆ 58.8 ಹಾಕಿದರೆ ಒಂದೊಂದು ಸೆಲ್ ಮೇಲೆ 4.52 ವೋಲ್ಟ್ ಬೀಳಲು ಹೊರಟಿರುತ್ತದೆ. ಅದನ್ನು ತಡೆಯಲು ಉಳಿದಿರುವುದು ಪ್ಯಾಕ್ ಒಳಗಿನ ಬಿಎಂಎಸ್ ಬೋರ್ಡ್ ಒಂದೇ, ಅಂದರೆ ಸೆಲ್‌ಗಳ ವೋಲ್ಟೇಜ್ ನೋಡುತ್ತಾ ಮಿತಿ ಮೀರಿದರೆ ಚಾರ್ಜ್ ಕಟ್ ಮಾಡುವ ಸರ್ಕ್ಯೂಟ್.

ಮೊದಲು ಚಾರ್ಜರ್ ಅಳೆಯಿರಿ

ಮಲ್ಟಿಮೀಟರ್ ಬೇಕೇ ಬೇಕು. ಸಾದಾ ಹಳದಿ ಮೀಟರ್ ಸಾಕು. ಕೆಂಪು ಪ್ರೋಬ್ ವೋಲ್ಟ್ ತೂತಿನಲ್ಲಿರಲಿ. ಅಪ್ಪಿತಪ್ಪಿ 10 ಆಂಪ್ ತೂತಿನಲ್ಲಿ ಇಟ್ಟು ಪ್ಯಾಕ್‌ಗೆ ಮುಟ್ಟಿಸಿದರೆ ಅದು ನೇರ ಶಾರ್ಟ್, ಪ್ರೋಬ್ ತುದಿಯೇ ಕರಗುತ್ತದೆ. ಗುಂಡಿಯನ್ನು ಡಿಸಿ 200ಕ್ಕೆ ತಿರುಗಿಸಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದುಹೋಗಿದ್ದರೆ ಅಗ್ಗದ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಸ್ಕ್ರೀನ್ ಮೂಲೆಯಲ್ಲಿ ಬ್ಯಾಟರಿ ಗುರುತು ಕಾಣಿಸುತ್ತಿದ್ದರೆ ಆ ಅಂಕಿಯನ್ನು ನಂಬಬೇಡಿ, ಮೊದಲು ಅದಕ್ಕೆ ಹೊಸ ಬ್ಯಾಟರಿ ಹಾಕಿ.

ಚಾರ್ಜರ್ ಅನ್ನು ಪ್ಯಾಕ್‌ನಿಂದ ಬಿಡಿಸಿ. ಗೋಡೆ ಸಾಕೆಟ್‌ಗೆ ಹಾಕಿ ಸ್ವಿಚ್ ಆನ್ ಮಾಡಿ. ಔಟ್‌ಪುಟ್ ಪಿನ್‌ಗಳಿಗೆ ಪ್ರೋಬ್ ಮುಟ್ಟಿಸಿ, ಎರಡೂ ಪ್ರೋಬ್ ಒಂದಕ್ಕೊಂದು ತಾಗದಂತೆ. ಲೋಡ್ ಇಲ್ಲದೆ ಬರುವ ಈ ಅಂಕಿ, ಚಾರ್ಜರ್ ಪ್ಯಾಕ್ ಅನ್ನು ಎಲ್ಲಿಯವರೆಗೆ ಎಳೆಯಲು ನೋಡುತ್ತದೆ ಅನ್ನುವುದನ್ನು ಹೇಳುತ್ತದೆ. 54.6ರ ಚಾರ್ಜರ್ 54.3 ಅಥವಾ 54.7 ತೋರಿಸಿದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಕಮ್ಮಿ ಇದ್ದರೂ ನಡೆಯುತ್ತದೆ. ಅರ್ಧ ವೋಲ್ಟ್ ಜಾಸ್ತಿ ಇದ್ದರೆ ಬೇರೆ ಮೀಟರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ, ಅಲ್ಲೂ ಹಾಗೇ ಬಂದರೆ ಆ ಚಾರ್ಜರ್ ಅನ್ನು ಬಳಸಬೇಡಿ. ಅಂಕಿಯ ಮುಂದೆ ಮೈನಸ್ ಬಂದರೆ ಪ್ರೋಬ್ ತಿರುಗಿದೆ, ಇಲ್ಲವೇ ಪಿನ್‌ಗಳಲ್ಲಿ ಪ್ಲಸ್ ಮೈನಸ್ ನೀವು ಅಂದುಕೊಂಡ ಹಾಗಿಲ್ಲ. ಮೂರು ಪಿನ್ನಿನ ಕನೆಕ್ಟರ್‌ಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಪ್ಯಾಕ್ ಕಡೆಯೂ ಯಾವ ಪಿನ್ ಪ್ಲಸ್ ಅಂತ ಅಳೆದು ನೋಡದೆ ಜೋಡಿಸಲೇಬೇಡಿ.

ಕೆಲವು ಚಾರ್ಜರ್‌ಗಳು ಪ್ಯಾಕ್ ಜೋಡಿಸುವವರೆಗೆ ಔಟ್‌ಪುಟ್ ಕೊಡುವುದೇ ಇಲ್ಲ, ಮೀಟರ್ ಸೊನ್ನೆ ತೋರಿಸುತ್ತದೆ. ಅದು ಕೆಟ್ಟಿದೆ ಅಂತ ಎಸೆಯಬೇಡಿ. ಆದರೆ ಲೇಬಲ್ ಮೇಲೆ ಔಟ್‌ಪುಟ್ ವೋಲ್ಟೇಜ್ ಸ್ಪಷ್ಟವಾಗಿ ಇಲ್ಲದಿದ್ದರೆ ಅಂಥ ಚಾರ್ಜರ್‌ನ ವೋಲ್ಟೇಜ್ ಪ್ಯಾಕ್ ಹಾಕದೆ ತಿಳಿಯುವ ದಾರಿಯಿಲ್ಲ. ಅದನ್ನು ಪಕ್ಕಕ್ಕಿಡುವುದೇ ವಾಸಿ.

ಆಮೇಲೆ ಪ್ಯಾಕ್ ಎಷ್ಟು ಸೀರೀಸ್ ಅಂತ ಪತ್ತೆ ಮಾಡಿ

ಲೇಬಲ್ ಮೇಲೆ "13ಎಸ್", "16ಎಸ್" ಅಂತ ಬರೆದಿದ್ದರೆ ಪುಣ್ಯ. ಕೆಲವರು "46.8 ವೋಲ್ಟ್", "51.2 ವೋಲ್ಟ್" ಅಂತ ನಿಖರವಾಗಿ ಬರೆದಿರುತ್ತಾರೆ. 46.8 ಅಂದರೆ 13 ಸಲ 3.6. 51.2 ಅಂದರೆ 16 ಸಲ 3.2, ಅಂದರೆ ಎಲ್‌ಎಫ್‌ಪಿ. ಬರೀ 48 ಅಂತಿದ್ದರೆ ಒಳಗೆ ನೋಡಬೇಕು.

ಪ್ಯಾಕ್‌ನ ಒಟ್ಟು ವೋಲ್ಟೇಜ್ ಅಳೆದರೆ ಗೊತ್ತಾಗುವುದಿಲ್ಲವಾ ಅಂತ ಕೇಳುತ್ತಾರೆ. ಗೊತ್ತಾಗುವುದಿಲ್ಲ. ಮೀಟರ್ 52.8 ತೋರಿಸಿತು ಅಂತಿಟ್ಟುಕೊಳ್ಳಿ. ಅದು 16 ಸೀರೀಸ್ ಎಲ್‌ಎಫ್‌ಪಿ ಇರಬಹುದು, ಸೆಲ್‌ಗೆ 3.3, ಅರ್ಧಕ್ಕಿಂತ ಹೆಚ್ಚು ತುಂಬಿದೆ. 14 ಸೀರೀಸ್ ಎನ್‌ಎಂಸಿ ಇರಬಹುದು, ಸೆಲ್‌ಗೆ 3.77, ಸುಮಾರು ಅರ್ಧ. 13 ಸೀರೀಸ್ ಎನ್‌ಎಂಸಿಯೂ ಇರಬಹುದು, ಸೆಲ್‌ಗೆ 4.06, ಇನ್ನೇನು ತುಂಬುವ ಹಂತ. ಮೂರೂ ಸಾಧ್ಯ. ಒಂದೇ ಅಂಕಿ ಹಿಡಿದು ತೀರ್ಮಾನ ಮಾಡಿದರೆ ಮೂರನೆಯದಕ್ಕೆ 58.8 ಹಾಕಿಬಿಡುತ್ತೀರಿ.

ನಂಬಬಹುದಾದ ದಾರಿ ಬ್ಯಾಲೆನ್ಸ್ ವೈರ್ ಎಣಿಸುವುದು. ಬಿಎಂಎಸ್ ಬೋರ್ಡ್‌ಗೆ ಒಂದು ಬಿಳಿ ಸಾಕೆಟ್‌ನಲ್ಲಿ ತೆಳು ವೈರುಗಳ ಸಾಲು ಬಂದಿರುತ್ತದೆ. ಮೊದಲನೆಯದು ಪ್ಯಾಕ್‌ನ ಮೈನಸ್, ಆಮೇಲೆ ಒಂದೊಂದು ಸೆಲ್ ಗುಂಪಿನ ಪ್ಲಸ್ (ಪಕ್ಕಪಕ್ಕ ಪ್ಯಾರಲಲ್ ಆಗಿ ಜೋಡಿಸಿದ ಸೆಲ್‌ಗಳು ಸೇರಿ ಒಂದು ಗುಂಪು). ವೈರು 14 ಇದ್ದರೆ ಸೀರೀಸ್ 13. ಕೆಲವು ಬೋರ್ಡ್‌ಗಳಲ್ಲಿ ಮೊದಲ ಮೈನಸ್ ವೈರು ಬಿಟ್ಟಿರುತ್ತಾರೆ, ಆದ್ದರಿಂದ ಎಣಿಸಿ ಸುಮ್ಮನಾಗದೆ ಪಕ್ಕಪಕ್ಕದ ಎರಡು ಪಿನ್‌ಗಳ ನಡುವೆ ಮೀಟರ್ ಹಿಡಿದು ಒಂದೊಂದಾಗಿ ಅಳೆಯುತ್ತಾ ಹೋಗಿ. ಒಂದೊಂದು ಗುಂಪಿನ ವೋಲ್ಟೇಜ್ ಬರೆದುಕೊಳ್ಳಿ. ಕೂಡಿದರೆ ಒಟ್ಟು ವೋಲ್ಟೇಜ್‌ಗೆ ಸರಿಹೊಂದಬೇಕು. ಈ ಕಾಗದವನ್ನು ಇಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಜಾತಿ ತಿಳಿಯಲು ಸೆಲ್ ಮೈಮೇಲಿನ ಅಕ್ಷರ ನೋಡಿ. ಐಎನ್‌ಆರ್, ಐಸಿಆರ್, ಎನ್‌ಸಿಆರ್ ಅಂತಿದ್ದರೆ ಸಾಮಾನ್ಯವಾಗಿ 4.2ರ ಸೆಲ್. ಐಎಫ್‌ಆರ್ ಅಂತಿದ್ದರೆ ಐರನ್ ಫಾಸ್ಫೇಟ್, 3.65. ಗಾತ್ರವೂ ಸುಳಿವು ಕೊಡುತ್ತದೆ. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಗಾಡಿ ಪ್ಯಾಕ್‌ಗಳಲ್ಲಿ ಇದು ಹೆಚ್ಚಾಗಿ ಎನ್‌ಎಂಸಿ. 32 ಮಿಲಿಮೀಟರ್ ದಪ್ಪದ ಸೆಲ್‌ಗಳು ಮತ್ತು ಇಟ್ಟಿಗೆಯಷ್ಟು ದೊಡ್ಡ ಅಲ್ಯುಮಿನಿಯಂ ಡಬ್ಬಿ ಸೆಲ್‌ಗಳು ಹೆಚ್ಚಾಗಿ ಎಲ್‌ಎಫ್‌ಪಿ. ಆದರೆ ಗಾತ್ರ ಸುಳಿವು ಮಾತ್ರ, ಅಕ್ಷರವೇ ಸಾಕ್ಷಿ. 18650 ಗಾತ್ರದ ಐರನ್ ಫಾಸ್ಫೇಟ್ ಸೆಲ್‌ಗಳೂ ಇವೆ.

ಪ್ಯಾಕ್ ತೆರೆಯುವ ಮೊದಲು ಕೈಯ ಉಂಗುರ, ವಾಚ್, ಕಡಗ ಬಿಚ್ಚಿಡಿ. ಸ್ಪ್ಯಾನರ್ ಹಿಡಿಗೆ, ಸ್ಕ್ರೂಡ್ರೈವರ್‌ನ ಲೋಹದ ಕಡ್ಡಿಗೆ ತುದಿ ಬಿಟ್ಟು ಇನ್ಸುಲೇಶನ್ ಟೇಪ್ ಸುತ್ತಿ. ಸೆಲ್‌ಗಳನ್ನು ಆಫ್ ಮಾಡುವ ಸ್ವಿಚ್ ಅನ್ನುವುದೇ ಇಲ್ಲ, ಸೆಲ್‌ಗಳ ಮೇಲಿನ ನಿಕಲ್ ಪಟ್ಟಿ ಯಾವಾಗಲೂ ಲೈವ್. ವಾರಂಟಿ ಇರುವ ಪ್ಯಾಕ್ ಆದರೆ ಬಿಚ್ಚಬೇಡಿ, ಕೊಟ್ಟವರ ಹತ್ತಿರ ಸೀರೀಸ್ ಸಂಖ್ಯೆ ಮತ್ತು ಚಾರ್ಜ್ ವೋಲ್ಟೇಜ್ ಬರಹದಲ್ಲಿ ಕೇಳಿ.

ಕೆಂಪು, ಹಸಿರು, ಮತ್ತೆ ಕೆಂಪು

ಲಗ್ಗೆರೆಯ ನಮ್ಮ ಬೀದಿಯ ಹುಡುಗನೊಬ್ಬ ಊಟ ಡೆಲಿವರಿ ಮಾಡುತ್ತಾನೆ. ಅವನ ಹಳೇ ಚಾರ್ಜರ್ ಸುಟ್ಟಿತ್ತು, ಹೊಸದು ತಂದಿದ್ದ. "ಅಣ್ಣಾ, ಹಸಿರು ಲೈಟ್ ಬರತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪಾಗತ್ತೆ, ರಾತ್ರಿಯೆಲ್ಲಾ ಹಿಂಗೇ ಆಟ. ಓಡೋದೂ ಕಮ್ಮಿ ಆಗಿದೆ" ಅಂದ. ಈ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು.

ಚಾರ್ಜರ್ ಸ್ಟಿಕ್ಕರ್ ಮೇಲೆ "48 ವೋಲ್ಟ್ ಲಿಥಿಯಂ, 6 ಆಂಪ್" ಅಂತಷ್ಟೇ ಇತ್ತು. ಔಟ್‌ಪುಟ್ ಎಷ್ಟು ಅಂತ ಇಲ್ಲ. ಮೀಟರ್ ಹಿಡಿದರೆ 58.7. ಪ್ಯಾಕ್‌ನ ನೀಲಿ ಸ್ಲೀವ್‌ನ ಒಂದು ತುದಿಯನ್ನು ಹುಷಾರಾಗಿ ಕತ್ತರಿಸಿ ನೋಡಿದಾಗ ಬಿಎಂಎಸ್‌ಗೆ ಬರುವ ತೆಳು ವೈರು 14. ಸೆಲ್ ಮೇಲೆ ಐಎನ್‌ಆರ್ ಅಂತ ಅಚ್ಚು. ಅಂದರೆ 13 ಸೀರೀಸ್, ಬೇಕಿದ್ದದ್ದು 54.6. ಚಾರ್ಜರ್ 4 ವೋಲ್ಟ್ ಜಾಸ್ತಿ.

ಒಳಗೆ ನಡೆಯುತ್ತಿದ್ದದ್ದು ಇದು. ಸರಿಯಾದ ಚಾರ್ಜರ್ ಮೊದಲು ಒಂದೇ ಸಮ ಆಂಪ್ ಕೊಡುತ್ತದೆ, ಪ್ಯಾಕ್ 54.6ರ ಹತ್ತಿರ ಬಂದ ಮೇಲೆ ವೋಲ್ಟೇಜ್ ಅಲ್ಲೇ ಹಿಡಿದು ಆಂಪ್ ಇಳಿಸುತ್ತಾ ಹೋಗುತ್ತದೆ, ತೀರಾ ಕಮ್ಮಿ ಆದಾಗ ಹಸಿರು. 58.7ರ ಚಾರ್ಜರ್‌ಗೆ ಈ ಇಳಿಸುವ ಹಂತವೇ ಬರುವುದಿಲ್ಲ, ಯಾಕೆಂದರೆ ಪ್ಯಾಕ್ ಇನ್ನೂ ತುಂಬಿಲ್ಲ ಅಂತ ಅದಕ್ಕೆ ಅನಿಸುತ್ತಲೇ ಇರುತ್ತದೆ. ಪೂರ್ತಿ 6 ಆಂಪ್ ತಳ್ಳುತ್ತಲೇ ಇರುತ್ತದೆ. ಯಾವುದೋ ಒಂದು ಸೆಲ್ ಗುಂಪು 4.25 ಮುಟ್ಟಿದ ಕೂಡಲೇ ಬಿಎಂಎಸ್ ಕಟ್ ಮಾಡುತ್ತದೆ. ಆಂಪ್ ಸೊನ್ನೆ, ಚಾರ್ಜರ್ ಹಸಿರು. ಸ್ವಲ್ಪ ಹೊತ್ತಿಗೆ ಆ ಗುಂಪಿನ ವೋಲ್ಟೇಜ್ ಕೆಳಗಿಳಿದಾಗ ಬಿಎಂಎಸ್ ಮತ್ತೆ ತೆರೆಯುತ್ತದೆ, ಮತ್ತೆ 6 ಆಂಪ್, ಮತ್ತೆ ಕೆಂಪು. ಕಟ್ ಆದ ಕೂಡಲೇ ಗುಂಪುಗಳನ್ನು ಅಳೆದಾಗ ಏಳನೆಯದು 4.24 ಇತ್ತು, ಉಳಿದವು 4.19ರ ಆಸುಪಾಸು.

ಪ್ಯಾಕ್ ಬಿಚ್ಚದೆಯೂ ಇದನ್ನು ಹಿಡಿಯಬಹುದು. ಗೋಡೆ ಸಾಕೆಟ್‌ಗೆ ಹಾಕುವ ವ್ಯಾಟ್ ಮೀಟರ್ ಸಿಗುತ್ತದೆ, ಅದರ ಮೂಲಕ ಚಾರ್ಜರ್ ಹಾಕಿ. 6 ಆಂಪ್ ಚಾರ್ಜರ್ ಪೂರ್ತಿ ಕೆಲಸ ಮಾಡುವಾಗ 370 ವ್ಯಾಟ್ ಆಸುಪಾಸು ಎಳೆಯುತ್ತದೆ. ಎಲ್ಲಾ ಸರಿ ಇದ್ದರೆ ಕೊನೆಯಲ್ಲಿ ಅದು 300, 200, 100 ಅಂತ ನಿಧಾನಕ್ಕೆ ಇಳಿದು ಹಸಿರಾಗುತ್ತದೆ. ಪೂರ್ತಿ ವ್ಯಾಟ್ ಇದ್ದದ್ದು ಒಂದೇ ಏಟಿಗೆ ಐದೋ ಹತ್ತಕ್ಕೋ ಬಿದ್ದರೆ ಕಟ್ ಮಾಡಿದ್ದು ಚಾರ್ಜರ್ ಅಲ್ಲ, ಬಿಎಂಎಸ್. ಆಗ ಚಾರ್ಜರ್ ವೋಲ್ಟೇಜ್ ಜಾಸ್ತಿ ಇರಬೇಕು, ಇಲ್ಲವೇ ಒಂದು ಸೆಲ್ ಗುಂಪು ಉಳಿದವುಗಳಿಗಿಂತ ಬಹಳ ಮುಂದೆ ಓಡುತ್ತಿರಬೇಕು.

"ಬಿಎಂಎಸ್ ಕಟ್ ಮಾಡ್ತಲ್ಲಾ, ಮತ್ತೇನು ತೊಂದರೆ?" ಅನ್ನುವ ಮಾತನ್ನು ನಾನು ತುಂಬಾ ಕೇಳಿದ್ದೇನೆ, ಕೇಳಿದಾಗಲೆಲ್ಲ ಹೆದರಿಕೆಯಾಗುತ್ತದೆ. ಬಿಎಂಎಸ್ ಇರುವುದು ಎಲ್ಲವೂ ಕೈಕೊಟ್ಟಾಗ ಕೊನೆಯ ತಡೆಯಾಗಿ. ದಿನಾ ರಾತ್ರಿ ಹತ್ತಾರು ಸಲ ಪೂರ್ತಿ ಆಂಪ್‌ನಲ್ಲಿ ಕಟ್ ಮಾಡುವ ಸ್ವಿಚ್ ಆಗಿ ಅಲ್ಲ. ಅದರೊಳಗೆ ಕಟ್ ಮಾಡುವ ಸ್ವಿಚ್ ಆಗಿ ಕೆಲಸ ಮಾಡುವ ಮಾಸ್‌ಫೆಟ್ ಸುಟ್ಟರೆ ಹೆಚ್ಚಿನ ಸಲ ಶಾರ್ಟ್ ಆಗಿ ನಿಲ್ಲುತ್ತದೆ, ಅಂದರೆ ಬಾಗಿಲು ತೆರೆದೇ ಉಳಿಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಗಾಡಿ ಎಂದಿನಂತೆ ಓಡುತ್ತದೆ. ಮುಂದಿನ ಚಾರ್ಜ್‌ನಲ್ಲಿ ಸೆಲ್‌ಗಳು 4.3, 4.4 ಅಂತ ಏರುತ್ತವೆ. ಅಷ್ಟೊತ್ತಿಗೆ ಒಳಗೆ ಆನೋಡ್ (ಸೆಲ್‌ನ ಮೈನಸ್ ಪದರ) ಮೇಲೆ ಲಿಥಿಯಂ ಲೋಹ ಕೂರತೊಡಗುತ್ತದೆ, ಎಲೆಕ್ಟ್ರೊಲೈಟ್ (ಸೆಲ್ ಒಳಗಿನ ದ್ರವ) ಒಡೆದು ಗ್ಯಾಸ್ ಹುಟ್ಟುತ್ತದೆ, ಸೆಲ್ ಬಿಸಿಯಾಗುತ್ತದೆ. ಬೆಂಕಿಗೆ ಅಲ್ಲಿಂದ ಬಹಳ ದೂರವಿಲ್ಲ.

ಹುಡುಗನಿಗೆ 54.6ರ ಚಾರ್ಜರ್ ಕೊಡಿಸಿದ ಮೇಲೆ ಲೈಟಿನ ಆಟ ನಿಂತಿತು. ಗುಂಪುಗಳು ಹತ್ತಿರ ಹತ್ತಿರ ಬಂದವು. ಆದರೆ ಕಳೆದುಹೋದ ಕಿಲೋಮೀಟರ್‌ಗಳು ಪೂರ್ತಿ ವಾಪಸ್ ಬರಲಿಲ್ಲ. ಮಿತಿ ಮೀರಿ ಚಾರ್ಜ್ ಆದ ಸೆಲ್ ಕಳೆದುಕೊಂಡ ಕೆಪಾಸಿಟಿ ಮರಳುವುದಿಲ್ಲ.

ಹಸಿರು ಬಂತು, ಆದರೆ ಗಾಡಿ ದೂರ ಓಡುತ್ತಿಲ್ಲ

ಇದು ಉಲ್ಟಾ ಕೇಸು. 14 ಸೀರೀಸ್ ಎನ್‌ಎಂಸಿ ಪ್ಯಾಕ್‌ಗೆ 54.6ರ ಚಾರ್ಜರ್. ಲೈಟು ಸರಿಯಾಗಿ ಹಸಿರಾಗುತ್ತದೆ, ಆಟ ಇಲ್ಲ, ಬಿಸಿಯೂ ಇಲ್ಲ. ಆದರೆ ಸೆಲ್‌ಗೆ ಸಿಕ್ಕಿದ್ದು 3.9 ಮಾತ್ರ. ಪ್ಯಾಕ್‌ನ ಕಾಲು ಭಾಗದಷ್ಟು ಖಾಲಿಯೇ ಉಳಿದಿರುತ್ತದೆ. ಹಸಿರಾದ ಮೇಲೆ ಅರ್ಧ ಗಂಟೆ ಬಿಟ್ಟು ಪ್ಯಾಕ್ ಅಳೆದು, ಸೀರೀಸ್ ಸಂಖ್ಯೆಯಿಂದ ಭಾಗಿಸಿ. ಎನ್‌ಎಂಸಿಯಲ್ಲಿ 4.15ಕ್ಕಿಂತ ಬಹಳ ಕೆಳಗಿದ್ದರೆ ಚಾರ್ಜರ್ ಸಾಲದು ಅಂತ ಅರ್ಥ.

ಇದರಲ್ಲಿ ಅಪಾಯವಿಲ್ಲ. ಸೆಲ್‌ಗಳ ಆಯುಷ್ಯಕ್ಕೆ ಒಳ್ಳೆಯದೇ ಕೂಡ. ಆದರೆ ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ಇನ್ನೊಂದು ಕಿರಿಕಿರಿ ಶುರುವಾಗುತ್ತದೆ. ಸಾಮಾನ್ಯ ಬಿಎಂಎಸ್‌ಗಳು ಸೆಲ್‌ಗಳನ್ನು ಬ್ಯಾಲೆನ್ಸ್ ಮಾಡುವುದು, ಅಂದರೆ ಎಲ್ಲಾ ಗುಂಪುಗಳನ್ನು ಒಂದೇ ವೋಲ್ಟೇಜ್‌ಗೆ ತರುವುದು, 4.2ರ ಹತ್ತಿರ ಬಂದಾಗ ಮಾತ್ರ. ಅಲ್ಲಿಯವರೆಗೆ ತಲುಪದ ಪ್ಯಾಕ್‌ನಲ್ಲಿ ಗುಂಪುಗಳು ನಿಧಾನಕ್ಕೆ ಬೇರೆ ಬೇರೆಯಾಗುತ್ತವೆ. ಕೊನೆಗೆ ಒಂದು ಗುಂಪು ಬೇಗ ಖಾಲಿಯಾಗಿ ಫ್ಲೈಓವರ್ ಹತ್ತುವಾಗ ಗಾಡಿ ಸಡನ್ ಆಗಿ ಆಫ್ ಆಗುತ್ತದೆ. ಇಂಥ ಪ್ಯಾಕ್‌ಗೆ ಸರಿಯಾದ ಚಾರ್ಜರ್ ತಂದ ಮೇಲೆ ಕೆಲವು ದಿನ ಹಸಿರಾದ ನಂತರವೂ ಒಂದೆರಡು ಗಂಟೆ ಹಾಗೇ ಬಿಡಿ, ನಿಮ್ಮ ಕಣ್ಣೆದುರೇ. ಬ್ಯಾಲೆನ್ಸ್ ಮಾಡುವ ಆಂಪ್ ಬಹಳ ಸಣ್ಣದು, ಅದಕ್ಕೆ ಹೊತ್ತು ಬೇಕು.

ಆಸಿಡ್ ಬ್ಯಾಟರಿಯ ಹಳೇ ಚಾರ್ಜರ್

ನಿಧಾನಕ್ಕೆ ಓಡುವ ಹಳೇ ಸ್ಕೂಟರ್‌ಗಳು ನಾಲ್ಕು ಆಸಿಡ್ ಬ್ಯಾಟರಿ ಹಾಕಿಕೊಂಡು ಬರುತ್ತಿದ್ದವು. ಅವನ್ನು ತೆಗೆದು ಲಿಥಿಯಂ ಹಾಕಿಸಿದವರು ಹಳೇ ಚಾರ್ಜರ್ ಅನ್ನೇ ಉಳಿಸಿಕೊಂಡಿರುತ್ತಾರೆ, ಅದೂ 48 ಅಂತಲೇ ಇರುತ್ತದಲ್ವಾ. ಆಸಿಡ್‌ನ 48 ವೋಲ್ಟ್ ಚಾರ್ಜರ್ ಸಾಮಾನ್ಯವಾಗಿ 58 ವೋಲ್ಟ್ ಆಚೀಚೆ ಏರಿ, ಆಮೇಲೆ 55ರ ಹತ್ತಿರ ಇಳಿದು ಅಲ್ಲೇ ಹಿಡಿದುಕೊಂಡಿರುತ್ತದೆ. 13 ಸೀರೀಸ್ ಎನ್‌ಎಂಸಿಗೆ ಇದು ನೇರ ಅಪಾಯ. 16 ಸೀರೀಸ್ ಎಲ್‌ಎಫ್‌ಪಿಗೆ ಅಂಕಿ ಹತ್ತಿರ ಕಾಣುತ್ತದೆ, ಆದರೆ ಕೆಲವು ಆಸಿಡ್ ಚಾರ್ಜರ್‌ಗಳಲ್ಲಿ ಪ್ಲೇಟ್ ಸ್ವಚ್ಛ ಮಾಡಲು ವೋಲ್ಟೇಜ್ ಇನ್ನೂ ಮೇಲಕ್ಕೆ ಒಯ್ಯುವ ಮೋಡ್ ಇರುತ್ತದೆ. ಲಿಥಿಯಂಗೆ ಅದು ಬೇಡವೇ ಬೇಡ. ಪ್ಯಾಕ್ ಬದಲಿಸಿದ ದಿನವೇ ಚಾರ್ಜರ್ ಬದಲಿಸಿ, ಹಳೆಯದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ಯಾರಾದರೂ ಒಂದು ದಿನ ಅದನ್ನು ಹಾಕೇ ಹಾಕುತ್ತಾರೆ.

ವೋಲ್ಟೇಜ್ ಸರಿಯಿದೆ, ಆದರೂ ತೊಂದರೆ

ಚಾರ್ಜ್ ಬಹಳ ನಿಧಾನ ಆಗುತ್ತಿದ್ದರೆ ಕನೆಕ್ಟರ್ ಮುಟ್ಟಿ ನೋಡಿ. ಬಿಸಿ ಇದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಲ್ಲಿ ವೋಲ್ಟೇಜ್ ಬೀಳುತ್ತಿದೆ. ಚಾರ್ಜ್ ಆಗುತ್ತಿರುವಾಗಲೇ ಚಾರ್ಜರ್ ತುದಿಯಲ್ಲಿ ಒಮ್ಮೆ, ಪ್ಯಾಕ್ ತುದಿಯಲ್ಲಿ ಒಮ್ಮೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕನೆಕ್ಟರ್ ಬದಲಿಸಿ, ವೈರಿಗೆ ಸರಿಯಾಗಿ ಸಾಲ್ಡರ್ ಹಾಕಿಸಿ.

ಚಾರ್ಜರ್ ಹಾಕಿದ ಕೂಡಲೇ ಹಸಿರು, ಪ್ಯಾಕ್ ಮಾತ್ರ ಖಾಲಿ. ಹಾಗಾದರೆ ಚಾರ್ಜಿಂಗ್ ಸಾಕೆಟ್‌ನಲ್ಲಿ ಅಳೆಯಿರಿ, ಆಮೇಲೆ ಬಿಎಂಎಸ್ ದಾಟಿ ನೇರವಾಗಿ ಸೆಲ್‌ಗಳ ಎರಡು ತುದಿಯಲ್ಲಿ ಅಳೆಯಿರಿ. ಸೆಲ್ ತುದಿಯಲ್ಲಿ 45 ಇದ್ದು ಸಾಕೆಟ್‌ನಲ್ಲಿ ಸೊನ್ನೆ ಅಥವಾ ನಾಲ್ಕೈದು ವೋಲ್ಟ್ ಬಂದರೆ ದಾರಿ ಮಧ್ಯೆ ಫ್ಯೂಸ್ ಹೋಗಿದೆ, ವೈರು ಬಿಟ್ಟಿದೆ, ಇಲ್ಲವೇ ಬಿಎಂಎಸ್ ಕಟ್ ಆಗಿ ನಿಂತಿದೆ. ಸೆಲ್ ತುದಿಯಲ್ಲೇ ಬಹಳ ಕಮ್ಮಿ ಇದ್ದರೆ ಪ್ಯಾಕ್ ಅತಿಯಾಗಿ ಇಳಿದುಹೋಗಿದೆ. ತಿಂಗಳುಗಟ್ಟಲೆ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಒಂದೊಂದು ಗುಂಪು 2.5ರಿಂದ 3ರ ನಡುವೆ ಇದ್ದರೆ ಬಹಳ ಸಣ್ಣ ಆಂಪ್‌ನಲ್ಲಿ ನಿಧಾನಕ್ಕೆ ಮೇಲೆತ್ತಬಹುದು, ಗೊತ್ತಿರುವವರ ಕೈಯಲ್ಲಿ. 2 ವೋಲ್ಟ್‌ಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿರುವ ಎನ್‌ಎಂಸಿ ಸೆಲ್‌ಗೆ "ಜಂಪ್ ಕೊಡುವ" ಕೆಲಸ ಮಾಡಬೇಡಿ, ಮಾಡಿಸಲೂ ಬೇಡಿ. ಒಳಗೆ ತಾಮ್ರ ಕರಗಿ ಬೇರೆಡೆ ಕೂತಿರುತ್ತದೆ. ಎದ್ದ ಹಾಗೆ ಕಂಡ ಸೆಲ್ ಆಮೇಲೆ ಚಾರ್ಜ್ ಆಗುವಾಗ ಒಳಗೇ ಶಾರ್ಟ್ ಆಗಬಹುದು.

ಚಾರ್ಜರ್ ಒಳಗೆ ತಿರುಗಿಸುವ ಸಣ್ಣ ಪ್ರೀಸೆಟ್ ಇರುತ್ತದೆ, ಅದರಿಂದ ವೋಲ್ಟೇಜ್ ಹೆಚ್ಚುಕಮ್ಮಿ ಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಹೇಳುವುದು ಸುಳ್ಳಲ್ಲ. ಆದರೆ 230 ವೋಲ್ಟ್ ಒಳಗೆ ಡಿಸಿ ಆದಾಗ 325 ಆಗುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಔಟ್‌ಪುಟ್ ಕಡೆಯ ಕೆಪಾಸಿಟರ್ 63 ವೋಲ್ಟ್‌ನದ್ದಾದರೆ 67.2ಕ್ಕೆ ಏರಿಸಿದಾಗ ಅದು ಉಬ್ಬಿ ಒಡೆಯಬಹುದು. ಪವರ್ ಸಪ್ಲೈ ರಿಪೇರಿ ಗೊತ್ತಿಲ್ಲದವರು ಆ ಡಬ್ಬ ತೆರೆಯಬಾರದು.

ಅಂಗಡಿಯಲ್ಲಿ ಏನು ಕೇಳಬೇಕು

"48 ವೋಲ್ಟ್ ಚಾರ್ಜರ್" ಅಂತ ಕೇಳಲೇಬೇಡಿ. "54.6 ವೋಲ್ಟ್, 5 ಆಂಪ್, ಎಕ್ಸ್‌ಟಿ60 ಪಿನ್" ಅಂತ ಕೇಳಿ. ಹೀಗೆ ಕೇಳಿದರೆ ಅಂಗಡಿಯವರೂ ನೋಡಿ ಕೊಡುತ್ತಾರೆ. ಔಟ್‌ಪುಟ್ ವೋಲ್ಟೇಜ್ ಲೇಬಲ್ ಮೇಲೆ ಅಚ್ಚಾಗಿರಬೇಕು, ಪೆನ್ನಿನಲ್ಲಿ ಬರೆದದ್ದು ಬೇಡ. ದುಡ್ಡು ಕೊಡುವ ಮೊದಲು ಅಲ್ಲೇ ಪ್ಲಗ್ ಹಾಕಿಸಿ ಮೀಟರ್‌ನಲ್ಲಿ ತೋರಿಸಿ ಅನ್ನಿ. ಒಳ್ಳೆ ಅಂಗಡಿಯವರು ಬೇಜಾರಿಲ್ಲದೆ ತೋರಿಸುತ್ತಾರೆ. ತೋರಿಸಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ, ಎಸ್.ಪಿ. ರೋಡ್‌ನಲ್ಲಿ ಅಂಗಡಿಗೆ ಬರವಿಲ್ಲ.

ಆಂಪ್ ವಿಷಯದಲ್ಲಿ ಇಷ್ಟು ಬಿಗಿ ಬೇಡ. ಕಮ್ಮಿ ಆಂಪ್ ಅಂದರೆ ನಿಧಾನ, ಅಷ್ಟೇ. 30 ಆಂಪ್ ಅವರ್ ಪ್ಯಾಕ್‌ಗೆ 5 ಅಥವಾ 6 ಆಂಪ್ ಆರಾಮು, ಐದಾರು ಗಂಟೆಯಲ್ಲಿ ತುಂಬುತ್ತದೆ. ಬೇಗ ಆಗಲಿ ಅಂತ 15 ಆಂಪ್‌ನದ್ದು ತರಬೇಡಿ, ಬಿಎಂಎಸ್‌ನ ಚಾರ್ಜಿಂಗ್ ಮಿತಿ ಎಷ್ಟಿದೆ ನೋಡದೆ.

ತಂದ ಮೇಲೆ ಒಂದು ತುಂಡು ಬಿಳಿ ಟೇಪ್‌ನಲ್ಲಿ "13 ಸೀರೀಸ್ ಎನ್‌ಎಂಸಿ, 54.6" ಅಂತ ಬರೆದು ಪ್ಯಾಕ್‌ಗೆ ಒಂದು, ಚಾರ್ಜರ್‌ಗೆ ಒಂದು ಅಂಟಿಸಿ.

ಇವು ಕಂಡರೆ ಅಳತೆ ನಿಲ್ಲಿಸಿ

ಪ್ಯಾಕ್ ಉಬ್ಬಿದ್ದರೆ, ಸಿಹಿಯಾದ ಥಿನ್ನರ್ ಥರದ ವಾಸನೆ ಬಂದರೆ, ಚಾರ್ಜರ್ ತೆಗೆದ ಮೇಲೂ ಒಂದು ಮೂಲೆ ಬಿಸಿಯಾಗುತ್ತಲೇ ಇದ್ದರೆ ಮುಂದೆ ಪರೀಕ್ಷೆ ಬೇಡ. ಬಯಲಿಗೆ ಒಯ್ದು ಇಡಿ, ಪಕ್ಕದಲ್ಲಿ ಬೇರೆ ಗಾಡಿ, ಪರದೆ, ಸಿಲಿಂಡರ್ ಇರಬಾರದು. ಹೊಗೆ ಶುರುವಾಗಿದ್ದರೆ ಮುಟ್ಟಬೇಡಿ, ಜನರನ್ನು ಹೊರಗೆ ಕರೆದುಕೊಂಡು ಹೋಗಿ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ನಮ್ಮ ಕಡೆಯ ಕಿರಿದಾದ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಅಥವಾ ಮುಂಬಾಗಿಲ ಪಕ್ಕ ಚಾರ್ಜಿಂಗ್ ಹಾಕುವ ಅಭ್ಯಾಸ ಇದೆ. ದಯವಿಟ್ಟು ಜಾಗ ಬದಲಿಸಿ. ಅಲ್ಲಿ ಬೆಂಕಿ ಹತ್ತಿದರೆ ಮೇಲಿನ ಮನೆಯವರಿಗೆ ಇಳಿಯಲು ಬೇರೆ ದಾರಿ ಇರುವುದಿಲ್ಲ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕುವುದೂ ಬೇಡ. 45 ಡಿಗ್ರಿಗಿಂತ ಬಿಸಿ ಇರುವ ಸೆಲ್ ಅನ್ನು ಚಾರ್ಜ್ ಮಾಡಬಾರದು, ಅರ್ಧ ಗಂಟೆ ನೆರಳಲ್ಲಿ ಆರಲಿ.

ಕೆಟ್ಟ ಪ್ಯಾಕ್ ಅನ್ನು ಕಸದ ಗಾಡಿಗೆ ಹಾಕಬೇಡಿ, ಗುಜರಿಯವರಿಗೂ ಕೊಡಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಸೆಲ್ ಜಜ್ಜಿ ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯನ್ನು ಸಂಗ್ರಹಿಸಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಮಾರಿದವರ ಹತ್ತಿರವೇ ಕೇಳಿ, ಇಲ್ಲವಾದರೆ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹಕರಿಗೆ ಕೊಡಿ. ಕೊಡುವ ಮೊದಲು ಪ್ಲಸ್ ಮೈನಸ್ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಅವು ಒಂದಕ್ಕೊಂದು ತಾಗದ ಹಾಗೆ.